ಹೊಳೆ ನಡುವೆ ಮೂರು ದಿನ

ಆ ರೆಸಾರ್ಟಿನ ಪರದೆಗಳನ್ನೆಲ್ಲ ನೇಯ್ದವಳು ಕೋಮಲ. ತಿ. ನರಸೀಪುರದಿಂದ ಕೆಳಕ್ಕೆ, ಮುಡುಕುತೊರೆ ಬೆಟ್ಟ ದೂರದಲ್ಲಿ ಕಾಣುವ ಕಡೆ, ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಉಳಿದ ನೆಲದಲ್ಲಿ ಹೊಳೆಮತ್ತಿ ಮರಗಳು, ಜೊಂಡು, ಒಂದಿಷ್ಟು ತೆಂಗು. ಅಲ್ಲಿ ಯಾರೋ ಆರು ಕುಟೀರಗಳ ರೆಸಾರ್ಟ್ ಕಟ್ಟಿದರು. ಪರದೆ, ಹಾಸು, ಹೊದಿಕೆ ಎಲ್ಲ ಕೈಮಗ್ಗದ್ದೇ ಆಗಬೇಕು ಎಂದು ಅದರ ಮ್ಯಾನೇಜರ್ ಶಾಲಿನಿ ಬದನವಾಳಿನ ಖಾದಿ ಕೇಂದ್ರಕ್ಕೆ ಬಂದಳು. ಅಲ್ಲಿ ಹದಿನಾಲ್ಕು ವರ್ಷದಿಂದ ಮಗ್ಗದ ಮುಂದೆ ಕೂತಿದ್ದ ಕೋಮಲಳ ಕೈಗೆ ಆ ಕೆಲಸ ಬಂತು. ಬಣ್ಣ ನೋಡಲು, ಅಳತೆ ಹೇಳಲು ಎಂದು ಐದಾರು ಸಲ ಬಂದು ಹೋಗುವಷ್ಟರಲ್ಲಿ ಇಬ್ಬರಿಗೂ ಸ್ನೇಹವಾಯಿತು. ಕೊನೆಯ ಕಂತು ಬಟ್ಟೆ ಒಯ್ಯಲು ಬಂದ ದಿನ ಕೋಮಲ ತನ್ನ ಮದುವೆಯ ಕಾಗದ ಕೊಟ್ಟಳು.

"ಮದುವೆ ಆಗಿ ಎಲ್ಲಿಗೆ ಹೋಗ್ತೀರಾ?" ಎಂದಳು ಶಾಲಿನಿ.

"ಎಲ್ಲಿಗೆ ಅಂದ್ರೆ? ನಂಜನಗೂಡಿಗೆ. ಅವರ ಮನೆ ಅಲ್ಲೇ ಇರೋದು."

"ಅಯ್ಯೋ, ಅದಲ್ಲ ಕಣ್ರೀ. ಹನಿಮೂನಿಗೆ."

ಕೋಮಲ ನಕ್ಕು ತಲೆ ತಗ್ಗಿಸಿದಳು. ಶಾಲಿನಿ ನಗಲಿಲ್ಲ. ರೆಸಾರ್ಟ್ ತೆರೆಯಲು ಇನ್ನೂ ತಿಂಗಳಿತ್ತು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕೆಲಸ ರೂಢಿಯಾಗಲು ಒಂದಿಬ್ಬರು ಅತಿಥಿಗಳು ಬೇಕಿತ್ತು. ಬೇರೆ ಯಾರೋ ಬರುವ ಬದಲು ನೀವೇ ಬನ್ನಿ, ಎರಡು ರಾತ್ರಿ ಇಡೀ ದ್ವೀಪ ನಿಮ್ಮದೇ ಎಂದಳು.

ಹಾಗೆ, ಬುದ್ಧವಂದನೆ ಹೇಳಿ ಮದುವೆಯಾದ ಹತ್ತನೆಯ ದಿನ, ಜುಲೈ ತಿಂಗಳ ಒಂದು ಮೋಡದ ಬೆಳಿಗ್ಗೆ, ಕೋಮಲ ಕೃಷ್ಣನ ಬೈಕಿನ ಹಿಂದೆ ಕೂತು ಹೊರಟಳು. ಕೃಷ್ಣನಿಗೆ ಮೂವತ್ತೊಂಬತ್ತು. ಸರ್ಕಾರಿ ಬಸ್ಸಿನ ಕಂಡಕ್ಟರ್. ನಂಜನಗೂಡು ನರಸೀಪುರದ ನಡುವೆ ದಿನಕ್ಕೆ ಆರು ಸಲ ಓಡಾಡುತ್ತಿದ್ದವನು. ದಾರಿಯುದ್ದಕ್ಕೂ ಪ್ರತಿ ನಿಲ್ದಾಣದ ಹೆಸರನ್ನೂ ಬೆನ್ನ ಹಿಂದಿದ್ದವಳಿಗೆ ಹೇಳುತ್ತ ಹೋದ. ಸೇತುವೆ ಮೇಲೆ ಬೈಕು ನಿಲ್ಲಿಸಿ, "ಅಗೋ, ಅದು ನಮ್ಮ ಮನೆ ಹಿಂದೆ ಹರಿಯೋ ಕಪಿಲೆ. ನಮಗಿಂತ ಮೊದ್ಲೇ ಬಂದ್ಬಿಟ್ಟೈತೆ. ನೀವು ನೋಡಿದ್ರಾ?" ಎಂದ.

ಹತ್ತು ದಿನವಾದರೂ ಅವನು ಅವಳನ್ನು "ನೀವು" ಎಂದೇ ಕರೆಯುತ್ತಿದ್ದ. ಟಿಕೆಟ್ ಕೇಳುವ ಬಾಯಿ, ತಿದ್ದುವುದು ಕಷ್ಟ ಎನ್ನುತ್ತಿದ್ದ.

ದಡದಲ್ಲಿ ಒಂದು ಹುಣಸೆ ಮರದ ಕೆಳಗೆ ಬೈಕು ನಿಲ್ಲಿಸಿದರು. ಮಾದಪ್ಪ ಎಂಬ ಅರವತ್ತು ದಾಟಿದ ಅಂಬಿಗ ಹರಿಗೋಲು ಹಿಡಿದು ಕಾಯುತ್ತಿದ್ದ. "ಮಧ್ಯಕ್ಕೆ ಕೂತ್ಕಳಿ ಸಾ. ಅವ್ವಾ, ಅಂಚ್ ಇಡ್ಕಬೇಡಿ, ಅದು ತಿರುಗೋದು ತಿರುಗಲಿ" ಎಂದ. ಹರಿಗೋಲು ನೀರಿನ ಮೇಲೆ ನಿಧಾನವಾಗಿ ತಿರುಗುತ್ತ ಸಾಗಿತು. ದಡ, ಬೆಟ್ಟ, ದ್ವೀಪ, ಮತ್ತೆ ದಡ. ಯಾವುದು ಮುಂದೆ ಯಾವುದು ಹಿಂದೆ ಎನ್ನುವುದು ಕೋಮಲಳಿಗೆ ಅರ್ಧ ಹೊಳೆಯಲ್ಲೇ ಮರೆತುಹೋಯಿತು.

ದ್ವೀಪದಲ್ಲಿ ಎಂಟು ಜನ ಸಾಲಾಗಿ ನಿಂತು ಕೈಮುಗಿದರು. ಒಬ್ಬಳು ತಣ್ಣನೆಯ ಒದ್ದೆ ಟವೆಲ್ಲು ಕೊಟ್ಟಳು. ಅದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೃಷ್ಣ ಹೆಗಲ ಮೇಲೆ ಹಾಕಿಕೊಂಡ. ಇನ್ನೊಬ್ಬ ಎಳನೀರು ತಂದ. ಶಾಲಿನಿ ಹಿಂದೆ ನಿಂತು, "ನಗು, ನಗು" ಎಂದು ತನ್ನವರಿಗೆ ಕಣ್ಸನ್ನೆ ಮಾಡುತ್ತಿದ್ದಳು. ಕಂಬಗಳ ಮೇಲೆ ಎತ್ತರದಲ್ಲಿ ನಿಂತ ಕುಟೀರ. ಮುಂದೆ ಜಗಲಿ, ಜಗಲಿಯ ಪಕ್ಕ ನೀಲಿ ಕಲ್ಲಿನ ಪುಟ್ಟ ಈಜುಕೊಳ.

"ಸುತ್ತ ಇಷ್ಟೊಂದು ಹೊಳೆ ಇಟ್ಕೊಂಡು ಇನ್ನೊಂದು ತೊಟ್ಟಿ ಯಾಕೆ ಕಟ್ಟವ್ರೆ?" ಎಂದು ಕೃಷ್ಣ ಮೆಲ್ಲಗೆ ಕೇಳಿದ. ಕೋಮಲಳಿಗೆ ನಗು ತಡೆಯಲಾಗಲಿಲ್ಲ.

ಒಳಗೆ ಹೋದವಳು ನಿಂತೇಬಿಟ್ಟಳು. ತಾನು ಮಗ್ಗದ ಮೇಲೆ ಮೊಳ ಮೊಳವಾಗಿ ಕಂಡ ಬಟ್ಟೆ ಇಲ್ಲಿ ಸೂರಿನಿಂದ ನೆಲದವರೆಗೆ ಇಳಿಬಿದ್ದಿತ್ತು. ಗಾಳಿ ಬಂದಾಗ ನಾಲ್ಕೂ ಪರದೆಗಳು ಒಟ್ಟಿಗೆ ಉಬ್ಬಿ, ಒಟ್ಟಿಗೆ ಇಳಿದವು. ಹೊಳೆಯ ಮೇಲಿನ ಬೆಳಕು ಅವುಗಳ ಮೂಲಕ ಹಾದು ಚಾವಣಿಯ ಮೇಲೆ ಅಲುಗುತ್ತಿತ್ತು. ಮಲಗಿದರೆ ನೀರಿನ ಕೆಳಗೆ ಮಲಗಿದ ಹಾಗೆ.

"ಇದೆಲ್ಲ ನೀವೇ ಮಾಡಿದ್ದಾ?" ಎಂದ ಕೃಷ್ಣ.

"ನಾಲ್ಕು ತಿಂಗಳು."

ಅವನು ಪರದೆಯ ಅಂಚನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ನೋಡಿದ. ಇಷ್ಟು ನಿಧಾನವಾಗಿ ತನ್ನ ಕೆಲಸವನ್ನು ಯಾರೂ ನೋಡಿರಲಿಲ್ಲ ಎಂದು ಕೋಮಲಳಿಗೆ ಅನ್ನಿಸಿತು.

ಆ ದಿನ ಹೇಗೆ ಕಳೆಯಿತೋ ತಿಳಿಯಲಿಲ್ಲ. ಊಟ ತಾನಾಗಿ ಬಂತು, ತಟ್ಟೆ ತಾನಾಗಿ ಹೋಯಿತು. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುವುದನ್ನು ನೋಡುತ್ತ ಕೂತರು. ಒಂದು ಸಲ ಜೊಂಡಿನ ಸಂದಿಯಿಂದ ಎರಡು ನೀರುನಾಯಿಗಳು ತಲೆ ಎತ್ತಿ, ಇವರಿಬ್ಬರನ್ನೂ ನೋಡಿ ಮುಳುಗಿದವು. ಸಂಜೆ ಮಾತ್ರ ಕೃಷ್ಣ ಇದ್ದಕ್ಕಿದ್ದಂತೆ ಎದ್ದು, "ಬೈಕಿಗೆ ಬೀಗ ಹಾಕಿದ್ನೋ ಇಲ್ವೋ, ಒಂದ್ಸಲ ನೋಡ್ಕೊಂಡು ಬತ್ತೀನಿ" ಎಂದು ಮಾದಪ್ಪನ ಹರಿಗೋಲಿನಲ್ಲಿ ದಡಕ್ಕೆ ಹೋಗಿ ಬಂದ. ಬೈಕಿನ ಮೇಲೆ ಇಷ್ಟು ಪ್ರೀತಿಯೇ ಎಂದು ಅವಳು ಅಂದುಕೊಂಡಳು.

ಮರುದಿನ ಬೆಳಿಗ್ಗೆ ಶಾಲಿನಿ ತನ್ನ ಜನರನ್ನೆಲ್ಲ ಕರೆದುಕೊಂಡು ದಡಕ್ಕೆ ಹೋದಳು. ನರಸೀಪುರದಲ್ಲಿ ಮಾಲೀಕರ ಜೊತೆ ಸಭೆ, ಹನ್ನೊಂದಕ್ಕೆಲ್ಲ ಬಂದುಬಿಡುತ್ತೇವೆ ಎಂದಿದ್ದಳು. ದ್ವೀಪದಲ್ಲಿ ಉಳಿದವರು ಇವರಿಬ್ಬರು ಮತ್ತು ಅಡುಗೆಯ ಕೆಂಪಾಜಮ್ಮ. ಒಂಬತ್ತರ ಹೊತ್ತಿಗೆ ಹೊಳೆಯ ಬಣ್ಣ ಬದಲಾಯಿತು. ಹಸಿರು ನೀರಿನ ಒಳಗೆ ಕೆಂಪು ನೀರು ಎಳೆ ಎಳೆಯಾಗಿ ಸೇರಿ, ನೋಡನೋಡುತ್ತಿದ್ದಂತೆ ಇಡೀ ಹೊಳೆ ಕೆಂಪಾಯಿತು. ಹೊಳೆಯ ಸದ್ದು ಏರಿತು. ನೀರುಕಾಗೆಗಳು ಕೂರುತ್ತಿದ್ದ ಬಂಡೆ ಮುಳುಗಿತು.

ಶಾಲಿನಿಯ ಫೋನು ಬಂತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹರಿಗೋಲು ಹಾಕುವ ಹಾಗಿಲ್ಲ. ದ್ವೀಪಕ್ಕೆ ಏನೂ ಆಗುವುದಿಲ್ಲ, ಕುಟೀರಗಳೆಲ್ಲ ಎತ್ತರದಲ್ಲಿವೆ, ಅಡುಗೆಮನೆಯಲ್ಲಿ ಎಲ್ಲ ಇದೆ. ಸಂಜೆಯ ಹೊತ್ತಿಗೆ ಸೆಳೆತ ಕಡಿಮೆಯಾಗಬಹುದು. "ಸಾರಿ ಕೋಮಲ. ಸೇವೆ ಮಾಡೋರೇ ಇಲ್ದಂಗೆ ಆಯ್ತು."

"ಬಿಡಿ, ನಮಗೆ ಆರಾಮೇ ಆಯ್ತು" ಎಂದಳು ಕೋಮಲ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಯಾರೂ ಬಾರದ, ಯಾರೂ ಹೋಗದ ಒಂದು ದಿನ. ಆದರೆ ಫೋನಿಟ್ಟು ತಿರುಗಿದಾಗ ಕೃಷ್ಣ ನೀರಿನ ಅಂಚಿನಲ್ಲಿ ನಿಂತು ಆಚೆ ದಡದ ಹುಣಸೆ ಮರವನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ನೆತ್ತರಿರಲಿಲ್ಲ.

"ಏನಾಯ್ತು? ಬೈಕ್ ಎಲ್ಲೂ ಹೋಗಲ್ಲ ಬನ್ನಿ."

"ಬೈಕ್ ಅಲ್ಲ."

ಅವನು ಜಗಲಿಗೆ ಬಂದು ಕೂತ. ಆಮೇಲೆ, ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುವ ಹಾಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹದಿನೇಳನೆಯ ವಯಸ್ಸಿನಿಂದ ತನಗೆ ಮೂರ್ಛೆ ಬರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಅದನ್ನು ತಪ್ಪಿಸದಿದ್ದರೆ ವರ್ಷಗಟ್ಟಲೆ ಬರುವುದಿಲ್ಲ. ಮದುವೆ ಮನೆಯ ಗಲಾಟೆಯಲ್ಲಿ ನಾಲ್ಕಾರು ಸಲ ತಪ್ಪಿದೆ. ಇವಳ ಕಣ್ಣಿಗೆ ಬೀಳಬಾರದೆಂದು ಮಾತ್ರೆಯನ್ನು ಬೈಕಿನ ಡಬ್ಬಿಯಲ್ಲಿ ಬಿಟ್ಟು ಬಂದಿದ್ದಾನೆ. ಇವತ್ತು ಬೆಳಗಿನದು ತೆಗೆದುಕೊಂಡಿಲ್ಲ.

ಕೋಮಲ ಅವನ ಕಡೆ ತಿರುಗಿದಳು. "ನಿಮ್ಮಮ್ಮನಿಗೆ ಗೊತ್ತಾ?"

"ಅವ್ವನೇ ಹೇಳ್ಬೇಡ ಅಂದಿದ್ದು. ಎರಡು ಸಂಬಂಧ ಇದ್ರಿಂದ ಮುರಿದೋಗಿತ್ತು."

"ನೋಡೋಕೆ ಬಂದ ದಿನ ನನ್ನ ವಯಸ್ಸು ಮೂವತ್ತೊಂದು ಅಂತ ಹೇಳು ಅಂದ್ರು ನಮ್ಮ ಚಿಕ್ಕಮ್ಮ. ನಾನು ನಿಮ್ಮೆದುರಿಗೇ ಮೂವತ್ನಾಲ್ಕು ಅಂದೆ. ನೆನಪೈತಾ?"

"ಐತೆ."

"ಅವತ್ತು ನೀವೂ ಹೇಳ್ಬೋದಿತ್ತು."

ಅವಳು ಎದ್ದು ನಡೆದಳು. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಅವನಿಂದ ದೂರ ಹೋಗಬೇಕಿತ್ತು, ಅಷ್ಟೇ. ನೀರಿನ ಅಂಚು ಹಿಡಿದು, ಜೊಂಡು ಸರಿಸಿಕೊಂಡು, ಹೊಳೆಮತ್ತಿಯ ಬೇರುಗಳ ಮೇಲೆ ಕಾಲಿಟ್ಟು ನಡೆದಳು. ಕೋಪ ಬಂದಿದ್ದು ಕಾಯಿಲೆಯ ಮೇಲಲ್ಲ. ನಿನ್ನೆ ಸಂಜೆ ಬೀಗ ನೋಡಿ ಬರುತ್ತೇನೆ ಎಂದು ಹೋದವನ ಬೆನ್ನನ್ನು ತಾನು ಎಷ್ಟು ಪ್ರೀತಿಯಿಂದ ನೋಡುತ್ತ ಕೂತಿದ್ದೆ ಎಂದು ನೆನೆದು ಎದುರಿನ ಜೊಂಡನ್ನು ಮುರಿದು ಎಸೆದಳು. ಪಕ್ಕದಲ್ಲಿ ಕೆಂಪು ನೀರು ಅವಳಿಗಿಂತ ವೇಗವಾಗಿ ಹೋಗುತ್ತಿತ್ತು. ಒಂದು ಬಾಳೆಗಿಡ ಗೊನೆ ಸಮೇತ ತೇಲಿ ಬಂದು, ನಿಧಾನಕ್ಕೆ ಸುತ್ತಿ, ದಾಟಿಹೋಯಿತು. ದ್ವೀಪದ ತುದಿಯಲ್ಲಿ ಎರಡು ಸೀಳಾಗಿದ್ದ ಹೊಳೆ ಮತ್ತೆ ಕೂಡುವ ಕಡೆ ಅವಳು ನಿಂತಳು. ಕಣ್ಣು ಮಂಜಾಗಿ, ಹರಿಯುತ್ತಿರುವುದು ನೀರಲ್ಲ, ತಾನು ನಿಂತ ನೆಲವೇ ಹೊಳೆಗೆ ಎದುರಾಗಿ ತೇಲಿ ಹೋಗುತ್ತಿದೆ ಎಂಬ ಭ್ರಮೆ ಕವಿಯಿತು. ಎಷ್ಟು ಹೊತ್ತು ನಿಂತಳೋ. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಕ್ಕೇ ನಡೆದಳು. ಹಿಂದಿರುಗುವ ಮನಸ್ಸಿರಲಿಲ್ಲ.

ಆದರೆ ಅದು ದ್ವೀಪ. ಮುಂದಕ್ಕೆ ನಡೆದವಳು ಇನ್ನೊಂದು ಬದಿಯ ತೆಂಗಿನ ಸಾಲು ದಾಟಿ ಅದೇ ಕುಟೀರಕ್ಕೆ ಬಂದಳು. ಕೃಷ್ಣ ಅವಳು ಹೋದ ದಿಕ್ಕಿಗೇ ಮುಖ ಮಾಡಿ ಕೂತಿದ್ದ. ಹಿಂದಿನಿಂದ ಬಂದದ್ದು ಅವನಿಗೆ ತಿಳಿಯಲಿಲ್ಲ. ಅವನ ಕುತ್ತಿಗೆ ಬಾಗಿತ್ತು. ಮುಂದಿದ್ದ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಕೋಮಲ ಅವನ ಪಕ್ಕದಲ್ಲಿ ಕೂತಳು.

"ಬಂದ್ರೆ ನಾನೇನು ಮಾಡ್ಬೇಕು?" ಎಂದಳು.

ಅವನು ಬೆಚ್ಚಿ ತಿರುಗಿ ನೋಡಿದ. "ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಬಾಯಿಗೆ ಏನೂ ಇಡ್ಬೇಡಿ, ನೀರೂ ಹಾಕ್ಬೇಡಿ. ಕೈಗೆ ಕಬ್ಬಿಣ ಗಿಬ್ಬಿಣ ಅಂತಾರೆ, ಅದೆಲ್ಲ ಬೇಡ. ಎರಡು ನಿಮಿಷಕ್ಕೆ ತಾನಾಗೇ ಹೋಯ್ತದೆ."

"ಎರಡು ನಿಮಿಷ ಮೀರಿದ್ರೆ?"

"ಐದು ಮೀರಿದ್ರೆ ಆಸ್ಪತ್ರೆ ಅಂತಾರೆ ಡಾಕ್ಟ್ರು." ಅವನು ಹೊಳೆಯ ಕಡೆ ನೋಡಿದ. "ಇದುವರೆಗೂ ಮೀರಿಲ್ಲ."

ಕೋಮಲ ಫೋನು ತೆಗೆದುಕೊಂಡು ಶಾಲಿನಿಗೆ ಮಾಡಿದಳು. ಸುತ್ತಿ ಬಳಸದೆ ವಿಷಯ ಹೇಳಿದಳು. ಆಚೆ ದಡದಲ್ಲಿ ಕಾಯುತ್ತಿದ್ದ ಶಾಲಿನಿ ಪಕ್ಕದಲ್ಲಿದ್ದ ಮಾದಪ್ಪನ ಕೈಗೆ ಫೋನು ಕೊಟ್ಟಳು.

"ಡಬ್ಬಿ ಬೀಗ ಮುರಿದು ತೆಗೀತೀನಿ ಬಿಡವ್ವ. ಈಗ್ಲೇ ಆಕಿದ್ರೆ ಅರಿಗೋಲು ತಲಕಾಡಿಗೇ ಓಯ್ತದೆ. ನೀರಿನ ಮೊದಲ ಸೊಕ್ಕು ಇಳೀಲಿ. ಸಂಜೆ ಒಳಗೆ ಬತ್ತೀನಿ" ಎಂದ.

ಮಧ್ಯಾಹ್ನ ಕೆಂಪಾಜಮ್ಮ ಅನ್ನ, ಮೊಳಕೆ ಹುರುಳಿಕಾಳಿನ ಸಾರು ಮಾಡಿದಳು. ಮೂವರೂ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಉಂಡರು. ಆಮೇಲೆ ಕೃಷ್ಣ ಕುಟೀರದ ನೆಲದ ಮೇಲೆ ಚಾಪೆ ಹಾಸಿ ಮಲಗಿದ. ಮಂಚದ ಮೇಲಿಂದ ಬೀಳುವುದು ಬೇಡವೆಂದು ಕೋಮಲಳೇ ಹಾಗೆ ಹೇಳಿದ್ದಳು. ಸುತ್ತ ದಿಂಬುಗಳನ್ನಿಟ್ಟಳು. ಪರದೆಗಳು ಉಬ್ಬಿ ಇಳಿಯುತ್ತಿದ್ದವು. ಚಾವಣಿಯ ಮೇಲಿನ ಬೆಳಕು ಇವತ್ತು ಕೆಂಪಗಿತ್ತು. ಹೊಳೆಯ ಸದ್ದಿಗೆ ಅವಳಿಗೂ ಜೊಂಪು ಹತ್ತಿತು.

ಎಚ್ಚರವಾದದ್ದು ಅವನು ಅವಳ ಕೈ ಹಿಡಿದಾಗ. "ಕೋಮಲಾ," ಎಂದ. ಅವನ ಕಣ್ಣುಗಳು ಎಲ್ಲೋ ದೂರ ನೋಡುತ್ತಿದ್ದವು. ಮುಖದಲ್ಲಿ ಒಂದು ವಿಚಿತ್ರ ನಗು ಮೂಡಿತ್ತು. ಮರುಕ್ಷಣ ಮೈ ಸೆಟೆಯಿತು.

ಕೋಮಲ ಕೂಗಲಿಲ್ಲ. ಅವನನ್ನು ಎಡಕ್ಕೆ ತಿರುಗಿಸಿ, ತಲೆಯ ಕೆಳಗೆ ತನ್ನ ಅಂಗೈ ಇಟ್ಟಳು. ಅವನ ಕೈಕಾಲು ಚಾಪೆಯ ಮೇಲೆ ಬಡಿಯುತ್ತಿದ್ದವು. ಸದ್ದು ಕೇಳಿ ಓಡಿ ಬಂದ ಕೆಂಪಾಜಮ್ಮ ಬಾಗಿಲಲ್ಲೇ ಎದೆ ಹಿಡಿದು ನಿಂತಳು. "ಅಯ್ಯೋ ಅವ್ವಾ! ತಡಿ, ಕಬ್ಣದ ಸೌಟು ತತ್ತೀನಿ, ಕೈಗೆ ಕೊಡವ್ವ!"

"ಬೇಡ ಅಜ್ಜಿ. ಏನೂ ತರಬೇಡಿ. ಗಡಿಯಾರ ನೋಡಿ, ಎಷ್ಟೊತ್ತಾಯ್ತು ಹೇಳಿ."

ಕೆಂಪಾಜಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ, ಬೆರಳು ಮಡಚುತ್ತ ಗಟ್ಟಿಯಾಗಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಆ ಎಣಿಕೆಗೆ ಮಗ್ಗದ ಲಯವಿತ್ತು. ಲಾಳಿ ಆಚೆ, ಲಾಳಿ ಈಚೆ. ಕೋಮಲ ಅದನ್ನೇ ಹಿಡಿದುಕೊಂಡು ಉಸಿರಾಡಿದಳು. ನೂರಕ್ಕೆ ಐದಾರು ಬಾಕಿ ಇದ್ದಾಗ ಅವನ ಮೈ ಸಡಿಲವಾಯಿತು. ಬಾಯಿಂದ ಸೋರಿದ ಜೊಲ್ಲನ್ನು ಅವಳು ಸೆರಗಿನಿಂದ ಒರೆಸಿದಳು. ಅವನು ಆಳವಾದ ನಿದ್ದೆಗೆ ಇಳಿದ. ಆಮೇಲೂ ಅವಳು ಅವನ ತಲೆಯ ಕೆಳಗಿನಿಂದ ಅಂಗೈ ತೆಗೆಯಲಿಲ್ಲ. ಕೆಂಪಾಜಮ್ಮ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಬಿಸಿಲು ಬಾಗಿದ ಮೇಲೆ ಕೃಷ್ಣ ಕಣ್ಣು ಬಿಟ್ಟ.

"ಬಂತಾ?"

"ಹೂಂ."

"ಹೆದರ್ಕೊಂಡ್ಯಾ ನೀನು?"

"ತುಂಬ" ಎಂದಳು. ಅವನು ಮೊದಲ ಸಲ "ನೀನು" ಎಂದದ್ದು ಇಬ್ಬರಿಗೂ ಕೇಳಿಸಿತು. ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಕಣ್ಣು ಮುಚ್ಚಿದ.

ಐದೂವರೆಯ ಹೊತ್ತಿಗೆ ಮಾದಪ್ಪ ಬಂದ. ಎದುರಿನಿಂದ ದಾಟದೆ, ಮೇಲಕ್ಕೆ ಎರಡು ಮೈಲಿ ಹರಿಗೋಲನ್ನು ಗಾಡಿಯಲ್ಲಿ ಹೊತ್ತೊಯ್ದು, ಅಲ್ಲಿಂದ ನೀರಿಗೆ ಬಿಟ್ಟಿದ್ದ. ಸೆಳೆತವೇ ಅವನನ್ನು ತಂದು ದ್ವೀಪದ ತಲೆಗೆ ಮುಟ್ಟಿಸಬೇಕು. ತಪ್ಪಿದರೆ ಆಚೆ ಹೋದಂತೆಯೇ. ಕೋಮಲ ಮತ್ತು ಕೆಂಪಾಜಮ್ಮ ನೀರಂಚಿನಲ್ಲಿ ನಿಂತು ನೋಡುತ್ತಿದ್ದರು. ಕೆಂಪು ನೀರಿನ ನಡುವೆ ಒಂದು ಕಪ್ಪು ಚುಕ್ಕೆ, ಗಿರಗಿರ ತಿರುಗುತ್ತ ದೊಡ್ಡದಾಗುತ್ತ ಬಂತು. ಕೊನೆಯ ಗಳಿಗೆಯಲ್ಲಿ ಮಾದಪ್ಪ ಮಂಡಿಯೂರಿ ನಾಲ್ಕು ಸಲ ಹುಟ್ಟು ಹಾಕಿದ, ಹೊಳೆಮತ್ತಿಯ ಕೊಂಬೆ ಹಿಡಿದ. ಕೆಂಪಾಜಮ್ಮ ಅವನ ರಟ್ಟೆ ಹಿಡಿದು ಎಳೆದಳು. ಅವನ ತಲೆಯ ವಸ್ತ್ರದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮಾತ್ರೆಯಿತ್ತು.

"ಮೈಯೆಲ್ಲ ನೆಂದೈತಲ್ಲಣ್ಣ," ಎಂದಳು ಕೋಮಲ.

"ಒಳೆ ಮೇಲೆ ಉಟ್ಟಿದೋನು ನಾನು. ಮೊದ್ಲು ಸಾವ್ಕಾರ್ರಿಗೆ ಕೊಡವ್ವ" ಎಂದ.

ಮೂರನೆಯ ದಿನ ಹೊಳೆ ಇಳಿಯಿತು. ಶಾಲಿನಿ ಬಂದು ಕೃಷ್ಣನನ್ನು ನೋಡಿ, ಈಗಲೇ ಕಾರಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕಳಿಸುತ್ತೇನೆ ಎಂದಳು. ಕೃಷ್ಣ ತನ್ನ ಡಾಕ್ಟರಿಗೆ ತಾನೇ ಫೋನು ಮಾಡಿದ. ಮಾತ್ರೆ ಮುಂದುವರಿಸಿ, ವಿಶ್ರಾಂತಿ ತೆಗೆದುಕೊಂಡು, ಸೋಮವಾರ ಬಂದು ಕಾಣಲು ಅವರು ಹೇಳಿದರು. "ವಿಶ್ರಾಂತಿ ಅಂದ್ರೆ ಇಲ್ಲೇ ತಾನೇ?" ಎಂದಳು ಕೋಮಲ. ಸಂಜೆಯವರೆಗೂ ಉಳಿದರು.

ಮಧ್ಯಾಹ್ನ ಜಗಲಿಯ ಪಕ್ಕದ ಪುಟ್ಟ ಕೊಳದ ಅಂಚಿನಲ್ಲಿ ಕೂತು ಇಬ್ಬರೂ ಕಾಲು ಇಳಿಬಿಟ್ಟರು. ಹೊಳೆ ಇನ್ನೂ ಮಣ್ಣು ಬಣ್ಣದಲ್ಲೇ ಇತ್ತು, ಕೊಳದ ನೀರು ತಿಳಿಯಾಗಿತ್ತು. "ನಿನ್ನೆ ಮೈ ಸೆಟೆಯೋಕೆ ಮುಂಚೆ ನಕ್ರಲ್ಲ, ಯಾಕೆ?" ಎಂದು ಕೋಮಲ ಕೇಳಿದಳು.

ಕೃಷ್ಣ ನೀರಿನಲ್ಲಿ ಕಾಲಾಡಿಸಿದ. "ಯಾರಿಗೂ ಹೇಳಿಲ್ಲ. ಅದು ಬರೋಕೆ ಮೊದ್ಲು ಒಂದ್ ಗಳಿಗೆ ಎಲ್ಲ ಗೊತ್ತಿರೋ ಹಾಗೆ ಆಗುತ್ತೆ. ಬಸ್ಸಲ್ಲಿ ಇರೋರೆಲ್ಲ ಹಳೇ ಪರಿಚಯ ಅನ್ನಿಸ್ತಾರೆ. ಎಲ್ಲರೂ ಎಲ್ಲಿ ಇಳೀತಾರೆ, ಯಾರ ಮನೆಗೆ ಹೋಗ್ತಾರೆ, ಎಲ್ಲ. ಆಮೇಲೆ ಏನೂ ನೆನಪಿರಲ್ಲ. ಆ ಸಂತೋಷ ಮಾತ್ರ ನೆನಪಿರುತ್ತೆ."

"ನಿನ್ನೆ ಏನು ಗೊತ್ತಾಯ್ತು?"

"ನಿನ್ನೆ ಬಸ್ ಇರ್ಲಿಲ್ಲ. ಪರದೆ ಇತ್ತು. ಪರದೆ ಆಚೆ ನೀನು ಇದ್ದೆ. ಎಷ್ಟೋ ವರ್ಷದಿಂದ ಅಲ್ಲೇ ಕೂತಿದ್ದೀಯ ಅನ್ನಿಸ್ತು."

ಕೋಮಲ ನೀರಿನೊಳಗೆ ಅವನ ಪಾದದ ಮೇಲೆ ತನ್ನ ಪಾದವನ್ನಿಟ್ಟಳು. ತೆಂಗಿನ ಗರಿಗಳ ನೆರಳು ಎರಡರ ಮೇಲೂ ಹೋಗಿ ಬರುತ್ತಿತ್ತು.

ಬೈಕನ್ನು ಹುಣಸೆ ಮರದ ಕೆಳಗೇ ಬಿಟ್ಟು, ಶಾಲಿನಿಯ ಕಾರಿನಲ್ಲಿ ನಂಜನಗೂಡಿನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಸಾಕಮ್ಮ ಬಾಗಿಲಲ್ಲೇ ಕೂತಿದ್ದಳು. ಸೊಸೆಯ ಕೈಯಲ್ಲಿ ಮಾತ್ರೆಯ ಕವರು ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನೇ ಕಣವ್ವ ಏಳ್ಬೇಡ ಅಂದೋಳು. ಅವನ್ನ ಏನೂ ಅನ್ಬೇಡ. ಬಯ್ಯೋದಿದ್ರೆ ನನ್ನ ಬಯ್ಯಿ."

"ಬೈತೀನಿ ಅತ್ತೆ," ಎಂದಳು ಕೋಮಲ, ಚಪ್ಪಲಿ ಬಿಡುತ್ತ. "ಬೈಯ್ಯೋದು ಬೇಕಾದಷ್ಟಿದೆ. ಮೊದ್ಲು ಅನ್ನ ಹಾಕಿ. ಇಬ್ಬರಿಗೂ ಹೊಟ್ಟೆ ಹಸೀತಿದೆ."

ಸಾಕಮ್ಮ ಕಣ್ಣೊರೆಸಿಕೊಂಡು ಎದ್ದು, ಒಳಗೆ ಹೋಗಿ ಮೂರು ತಟ್ಟೆ ಹಾಕಿದಳು.